ಬೂದಿ ಬಡಿದ ಡ್ರ್ಯಾಗನ್ ಮತ್ತು ಇತರ ದೂರುಗಳು

ಪ್ರಶ್ನೆ: ಕಂಪ್ಯೂಟರಿನಲ್ಲಿ ಬಿಡಿಸುವ ಡ್ರ್ಯಾಗನ್ ಚಿತ್ರವನ್ನು ಮೊದಲು ಕಪ್ಪು-ಬಿಳುಪಿನಲ್ಲಿ ಮುಗಿಸಿ, ಅದರ ಮೇಲೆ ‘ಕಲರ್’ ಮೋಡ್‌ನ ಲೇಯರ್ (ಪದರ) ಇಟ್ಟು ಬಣ್ಣ ಹಾಕುತ್ತೇನೆ. ಅಲ್ಲಿಯವರೆಗೆ ಚೆನ್ನಾಗಿದ್ದ ಚಿತ್ರ ಬಣ್ಣ ಬಿದ್ದ ಕೂಡಲೇ ಕೆಸರಾಗುತ್ತದೆ. ಹೊಟ್ಟೆಗೆ ಹಳದಿ ಹಾಕಿದರೆ ಪಾಚಿಯಂತೆ ಕಾಣುತ್ತದೆ. ಯಾವ ಬ್ರಷ್ ಬಳಸಬೇಕು?

ಬ್ರಷ್ಷಿನ ತಪ್ಪಲ್ಲ. ಈ ಪ್ರಶ್ನೆ ಒಮ್ಮೆ ಗ್ರಿಫಿನ್, ಇನ್ನೊಮ್ಮೆ ಜಲರಾಕ್ಷಸ ಎಂದು ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ, ಕೊನೆಗೆ ಎಲ್ಲರೂ ಕೇಳುವುದು ಬ್ರಷ್ಷನ್ನೇ. ಹಾಗಾಗಿ ಈ ಸಲ ಲೆಕ್ಕ ಸಮೇತ ಹೇಳಿಬಿಡುತ್ತೇನೆ.

‘ಕಲರ್’ ಮೋಡ್ ಮೇಲಿನ ಲೇಯರ್‌ನಿಂದ ಹ್ಯೂ (ಯಾವ ಬಣ್ಣ) ಮತ್ತು ಸ್ಯಾಚುರೇಶನ್ (ಬಣ್ಣ ಎಷ್ಟು ಅಪ್ಪಟ) ಎರಡನ್ನು ಮಾತ್ರ ಎತ್ತಿಕೊಳ್ಳುತ್ತದೆ. ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಎನ್ನುವುದನ್ನು ಕೆಳಗಿನ ಬೂದು ಬಣ್ಣವೇ ತೀರ್ಮಾನಿಸುತ್ತದೆ. ಆ ಲೆಕ್ಕದಲ್ಲಿ ಕೆಂಪಿಗೆ 0.3, ಹಸಿರಿಗೆ 0.59, ನೀಲಿಗೆ 0.11 ತೂಕ. ಅಂದರೆ ಶುದ್ಧ ಹಳದಿಯ ವ್ಯಾಲ್ಯೂ (ಕಪ್ಪು 0, ಬಿಳಿ 100 ಎಂದಾಗ ಎಷ್ಟು ಬೆಳ್ಳಗೆ ಎಂಬ ಅಳತೆ) 89 ಪ್ರತಿಶತ, ಶುದ್ಧ ನೀಲಿಯದ್ದು ಬರೀ 11. ಹಳದಿ ಹುಟ್ಟಿನಿಂದಲೇ ಬೆಳ್ಳಗೆ, ನೀಲಿ ಹುಟ್ಟಿನಿಂದಲೇ ಕಪ್ಪಗೆ.

ಈಗ ನಿಮ್ಮ ಡ್ರ್ಯಾಗನ್ ಹೊಟ್ಟೆಗೆ ಬನ್ನಿ. ಅಲ್ಲಿರುವುದು ನಡುಬೂದು, ಅಂದರೆ 0ಯಿಂದ 255ರ ಅಳತೆಯಲ್ಲಿ 128. ಅದರ ಮೇಲೆ ಕೆಂಪು 255, ಹಸಿರು 220, ನೀಲಿ 0 ಇರುವ ಹೊಳೆಯುವ ಹಳದಿ ಹಾಕುತ್ತೀರಿ. ಆ ಹಳದಿಯ ವ್ಯಾಲ್ಯೂ 206. ಸಾಫ್ಟ್‌ವೇರ್ ಅದನ್ನು ಎಳೆದು 128ಕ್ಕೆ ಇಳಿಸಲೇಬೇಕು. ಇಳಿಸಿದಾಗ ಸಿಗುವುದು ಸುಮಾರು 158, 137, 0. ಅದೇ ನೀವು ದೂರುತ್ತಿರುವ ಪಾಚಿ. ಇದರ ತಿರುಗುಮುರುಗನ್ನೂ ನೋಡಿ. ಬೆಳಕು ಬಿದ್ದ ಬೆನ್ನಿನ ಮೇಲೆ 200ರ ಬೂದು ಇದ್ದು, ನೀವು ಶುದ್ಧ ಕಡುನೀಲಿ ಹಾಕಿದರೆ ಬರುವುದು 193, 193, 255. ರಕ್ತ ಬತ್ತಿದಂಥ ತಿಳಿನೀಲಿ. ಸಾಫ್ಟ್‌ವೇರ್ ಮೋಸ ಮಾಡಲಿಲ್ಲ, ನೀವು ಕೊಟ್ಟ ಬೂದಿನಲ್ಲಿ ಆ ಬಣ್ಣಕ್ಕೆ ಜಾಗವೇ ಇರಲಿಲ್ಲ.

ಮೂಲ ತಪ್ಪು ಇನ್ನೂ ಹಿಂದೆ ಇದೆ. ಕಪ್ಪು-ಬಿಳುಪಿನ ಹಂತದಲ್ಲಿ ನೀವು ಬಿಡಿಸಿದ್ದು ಒಂದು ಗಾರೆ ಗೊಂಬೆ. ಕೊಂಬು, ಹೊಟ್ಟೆ, ರೆಕ್ಕೆಯ ಚರ್ಮ, ಉಗುರು ಎಲ್ಲವೂ ಒಂದೇ ಬಿಳಿ ಗಾರೆ, ಅದರ ಮೇಲೆ ಬೆಳಕು-ನೆರಳು ಅಷ್ಟೇ. ನಿಜವಾದ ಪ್ರಾಣಿಯಲ್ಲಿ ಪ್ರತಿ ಭಾಗಕ್ಕೂ ಬೆಳಕಿನ ಹಂಗಿಲ್ಲದ ಸ್ವಂತ ವ್ಯಾಲ್ಯೂ ಇರುತ್ತದೆ. ಅದನ್ನು ಮೊದಲು ಹಾಕಬೇಕು, ಬೆಳಕು ಆಮೇಲೆ.

ಆಕೃತಿಯ ಹೊರರೇಖೆ ತುಂಬಿ ಟ್ರಾನ್ಸ್‌ಪರೆನ್ಸಿ ಲಾಕ್ ಮಾಡಿದ ಮೇಲೆ (ಆಗ ಬಣ್ಣ ಆಕೃತಿಯ ಹೊರಗೆ ಹೋಗುವುದಿಲ್ಲ), ನೆರಳಿನ ಯೋಚನೆಯೇ ಇಲ್ಲದೆ ಭಾಗಗಳಿಗೆ ಚಪ್ಪಟೆ ಬೂದು ಹಚ್ಚಿ. ಹಳದಿಯಾಗಲಿರುವ ಗಂಟಲು ಮತ್ತು ಹೊಟ್ಟೆ 80 ಪ್ರತಿಶತ, ಹಸಿರು ಬೆನ್ನು 45, ರೆಕ್ಕೆಯ ಚರ್ಮ 35, ಕೊಂಬು 20, ಉಗುರು 15, ಹೀಗೆ. ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಯಾವುದು ಮುಖ, ಯಾವುದು ರೆಕ್ಕೆ ಎಂದು ಆ ಗಾತ್ರದಲ್ಲಿ ತಿಳಿಯದಿದ್ದರೆ ಮುಂದೆ ಹೋಗಬೇಡಿ, ನೆರಳು ಹಾಕಿದ ಮೇಲೆ ತಿಳಿಯುವುದು ಇನ್ನೂ ಕಷ್ಟ.

ನೆರಳಿಗೆ ಬೇರೆಯದೇ ಒಂದು ಮಲ್ಟಿಪ್ಲೈ ಲೇಯರ್, ಅಂದರೆ ಕೆಳಗಿನ ಬಣ್ಣವನ್ನು ತನ್ನದರಿಂದ ಗುಣಿಸಿ ಕಪ್ಪಾಗಿಸುವ ಲೇಯರ್. ಅದರಲ್ಲಿ 50 ಪ್ರತಿಶತ ಬೂದು ತುಂಬಿದರೆ ಹೊಟ್ಟೆ 80ರಿಂದ 40ಕ್ಕೆ, ಬೆನ್ನು 45ರಿಂದ 22ರ ಆಸುಪಾಸಿಗೆ, ಕೊಂಬು 20ರಿಂದ 10ಕ್ಕೆ ಇಳಿಯುತ್ತದೆ. ಎಲ್ಲವೂ ಒಂದೇ ಅನುಪಾತದಲ್ಲಿ ಇಳಿದಿವೆ, ಗಮನಿಸಿ. ಕೈಯಿಂದ ಅಂದಾಜಿನಲ್ಲಿ ನೆರಳು ಹಾಕುವವರು ಎಲ್ಲ ಭಾಗವನ್ನೂ ಒಂದೇ ಕಪ್ಪಿಗೆ ತಂದು ಕೂರಿಸುತ್ತಾರೆ. ಆಗ ಹೊಟ್ಟೆ ಬಿಳಿಯೋ ಬೆನ್ನು ಬಿಳಿಯೋ ಗೊತ್ತಾಗುವುದಿಲ್ಲ. ನೆರಳಲ್ಲಿರುವ ಹೊಟ್ಟೆ 40, ಬೆಳಕಲ್ಲಿರುವ ಬೆನ್ನು 45 ಎಂದರೆ ಬಹುತೇಕ ಒಂದೇ. ಹೊಸಬರಿಗೆ ಇದು ತಪ್ಪೆನಿಸಿ ಹೊಟ್ಟೆಯನ್ನು ಮತ್ತೆ ಬೆಳ್ಳಗೆ ಮಾಡುತ್ತಾರೆ. ಮಾಡಬೇಡಿ, ಸರಿಯಾಗಿಯೇ ಇದೆ.

ಇನ್ನು ಬಣ್ಣ. ‘ಕಲರ್’ ಲೇಯರ್ ಈ ಮಲ್ಟಿಪ್ಲೈ ಲೇಯರ್‌ಗಿಂತ ಕೆಳಗಿರಬೇಕು. ಮೇಲಿಟ್ಟರೆ ನೆರಳಿಗೆ ಕೊಡುವ ಬಣ್ಣವನ್ನೆಲ್ಲ ಅದು ನುಂಗಿಹಾಕುತ್ತದೆ. ಕೆಳಗಿಟ್ಟ ಮೇಲೆ ನೆರಳಿನ ಬೂದನ್ನು ತೆಗೆದು 120, 110, 150ರ ಹತ್ತಿರದ ಮಂಕು ನೇರಳೆ ತುಂಬಿ. ಒಟ್ಟು ಕಪ್ಪು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ನೆರಳು ತಂಪಾಗಿ, ಬೆಳಕು ಬೆಚ್ಚಗೆ ಕಾಣತೊಡಗುತ್ತದೆ. ಕೆಸರಿನ ಅರ್ಧ ಭಾಗ ಇಲ್ಲಿಯೇ ಹೋಯಿತು. ಸಂಜೆಬೆಳಕು, ಬೆಂಕಿಬೆಳಕು ಆದರೆ ಬೇರೆ ಬಣ್ಣ. ಈ ಮೂರು ಅಂಕಿಯನ್ನು ಮಂತ್ರದಂತೆ ಉರು ಹೊಡೆಯಬೇಡಿ.

ಉಳಿದ ಅರ್ಧ ಹೋಗುವುದು ಮೇಲೆ ನಾರ್ಮಲ್ ಲೇಯರ್ ಇಟ್ಟು, ಗಟ್ಟಿ ಅಂಚಿನ ಬ್ರಷ್‌ನಲ್ಲಿ ನೇರವಾಗಿ ಬಣ್ಣ ಬರೆದಾಗ. ಇದನ್ನು ತಪ್ಪಿಸುವ ದಾರಿ ಇಲ್ಲ. ರೆಕ್ಕೆಯ ಚರ್ಮ, ಕಿವಿ, ಮೂಗಿನ ಹೊಳ್ಳೆಯಂಥ ತೆಳು ಜಾಗಗಳಲ್ಲಿ ಬೆಳಕು ಒಳಗೆ ಹೊಕ್ಕು ಚದುರಿ ಹೊರಬರುತ್ತದೆ. ಹಾಗಾಗಿ ಬೆಳಕು-ನೆರಳಿನ ಗಡಿಯಲ್ಲಿ ಒಂದು ಸಣ್ಣ ಪಟ್ಟಿಯಷ್ಟು ಕೆಂಪು-ಕಿತ್ತಳೆಯ ಸ್ಯಾಚುರೇಶನ್ ಏರುತ್ತದೆ. ದಪ್ಪ ಕೊಂಬು, ಬೆನ್ನಿನ ಗಟ್ಟಿ ಫಲಕಗಳಿಗೆ ಇದನ್ನು ಹಚ್ಚಿದರೆ ಪ್ರಾಣಿ ಮೇಣದ್ದಾಗುತ್ತದೆ. ದವಡೆಯ ಅಡಿ ಮತ್ತು ಹೊಟ್ಟೆಗೆ ನೆಲದಿಂದ ಪುಟಿದ ಬೆಳಕು ಕೊಡಿ, ಆದರೆ ನೆರಳಿನೊಳಗಿನ ಅತಿ ಬೆಳ್ಳನೆ ಜಾಗ ಅದೇ ಭಾಗದ ಬೆಳಕಿನೊಳಗಿನ ಅತಿ ಕಪ್ಪು ಜಾಗಕ್ಕಿಂತ ಕಪ್ಪಗೇ ಇರಬೇಕು. ಇದನ್ನು ಮೀರಿದ ಕ್ಷಣ ಆಕಾರ ಒಡೆಯುತ್ತದೆ.

ವ್ಯಾಲ್ಯೂ ಪರೀಕ್ಷಿಸಲು ಎಲ್ಲದರ ಮೇಲೆ ಕಪ್ಪು ತುಂಬಿದ ಲೇಯರ್ ಇಟ್ಟು ಅದನ್ನು ‘ಕಲರ್’ ಮೋಡ್‌ಗೆ ಹಾಕಿ, ಬೇಕಾದಾಗ ಆ ಲೇಯರ್ ಪಕ್ಕದ ಕಣ್ಣಿನ ಗುರುತು ಒತ್ತಿ ತೋರಿಸಿ, ಮರೆಮಾಡಿ. ಫೋಟೋಶಾಪ್‌ನ ‘ಡಿಸ್ಯಾಚುರೇಟ್’ ಒತ್ತಬೇಡಿ. ಅದು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನಲ್‌ಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ಸರಾಸರಿ ತೆಗೆಯುತ್ತದೆ, ಶುದ್ಧ ಹಳದಿಯೂ ಶುದ್ಧ ನೀಲಿಯೂ ಅದರ ಕಣ್ಣಿಗೆ ಒಂದೇ ಬೂದು. ‘ಐದು ಓವರ್‌ಲೇ ಲೇಯರ್ ಹಾಕಿ, ಬಣ್ಣ ತಾನಾಗಿ ಜೀವ ತಳೆಯುತ್ತದೆ’ ಎಂದು ಬ್ರಷ್ ಪ್ಯಾಕ್ ಮಾರುವವರು ಹೇಳಿಕೊಡುವುದೂ ಇಂಥದ್ದೇ. ಓವರ್‌ಲೇ ನಡುಬೂದಿಗಿಂತ ಕಪ್ಪಾದದ್ದನ್ನು ಮಲ್ಟಿಪ್ಲೈ ಮಾಡುತ್ತದೆ, ಬೆಳ್ಳಗಿರುವುದನ್ನು ಸ್ಕ್ರೀನ್ ಮಾಡುತ್ತದೆ, ಅಂದರೆ ಇನ್ನೂ ಬೆಳ್ಳಗಾಗಿಸುತ್ತದೆ. ಐದು ಸಲ ಹಾಗೆ ಮಾಡಿದರೆ ನಡುವಿನ ಛಾಯೆಗಳೆಲ್ಲ ಎರಡು ಕಡೆಗೆ ಓಡಿಹೋಗುತ್ತವೆ. ಅವರು ಮಾರುವುದು ಬ್ರಷ್, ನಿಮ್ಮ ಕಾಯಿಲೆ ಬೇರೆ.

ಪ್ರಶ್ನೆ: ಹುರುಪೆಯ ಅಚ್ಚೊತ್ತುವ ಸ್ಕೇಲ್ ಬ್ರಷ್‌ನಿಂದ ಹುರುಪೆ ಹಾಕಿದರೆ ಮೈಗೆ ಕಾಗದ ಅಂಟಿಸಿದಂತೆ ಕಾಣುತ್ತದೆ.

ಅಂಟಿಸಿದ್ದೀರಿ, ಹಾಗಾಗಿ ಹಾಗೆ ಕಾಣುತ್ತದೆ. ಮೈ ಉರುಟಾಗಿದೆ, ಸ್ಟ್ಯಾಂಪ್ ಚಪ್ಪಟೆ. ಹೊರರೇಖೆಯ ಕಡೆಗೆ ಸಾಗಿದಂತೆ ಹುರುಪೆಗಳು ಅಡ್ಡಡ್ಡ ಕಿರಿದಾಗಿ ಒತ್ತೊತ್ತಾಗಬೇಕು. ವಾರ್ಪ್ ಟೂಲ್‌ನಿಂದ ಬಗ್ಗಿಸಿ, ಇಲ್ಲವೇ ಕತ್ತು, ಎದೆ, ಬಾಲಗಳ ಸುತ್ತ ಬಳೆಯಂತೆ ಗೆರೆ ಎಳೆದುಕೊಂಡು ಆ ಗೆರೆ ಹಿಡಿದು ಸಾಲು ಕೂರಿಸಿ. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು, ಬಿಟ್ಟ ಅಂಚು ಬಾಲದ ಕಡೆಗೆ. ಬಲಬದಿಯದ್ದನ್ನು ಕಾಪಿ ಮಾಡಿ ತಿರುಗಿಸಿ ಎಡಕ್ಕೆ ಹಾಕುವಾಗ ಈ ದಿಕ್ಕು ಉಲ್ಟಾ ಆಗಿ, ಬೆಕ್ಕಿನ ರೋಮ ಹಿಂದಕ್ಕೆ ಸವರಿದಂತಾಗುತ್ತದೆ. ಗಾತ್ರವೂ ಒಂದೇ ಇರಬಾರದು. ಕೀಲು ಮಡಚುವಲ್ಲಿ, ಕಣ್ಣಿನ ಸುತ್ತ ಸಣ್ಣವು. ಹೊಟ್ಟೆಯಡಿ ಹಾವಿನಂತೆ ಅಗಲ ಪಟ್ಟಿಗಳು. ಮೊಸಳೆಯ ಮುಖ ನೋಡಿ ಬರೆಯುವವರಿಗೆ ಒಂದು ಮಾತು: ಅದರ ದವಡೆಯ ಮೇಲಿರುವುದು ಸಾಲುಸಾಲು ಹುರುಪೆಯಲ್ಲ, ಬೆಳೆಯುವ ಚರ್ಮ ಒತ್ತಡಕ್ಕೆ ಮಡಚಿಕೊಂಡು ಮೂಡಿದ ಅಡ್ಡಾದಿಡ್ಡಿ ಗೆರೆಗಳು. ಅಲ್ಲಿ ಕ್ರಮವಾದ ವಿನ್ಯಾಸ ಹಾಕಿದರೇ ಸುಳ್ಳಾಗುತ್ತದೆ.

ಎಲ್ಲ ಹುರುಪೆಯನ್ನೂ ಬರೆಯುವ ಚಪಲ ಬಿಡಿ. ಬೆಳಕು ಓರೆಯಾಗಿ ಸವರುವ ಗಡಿ ಪಟ್ಟಿಯಲ್ಲಿ ಅವು ಸ್ಪಷ್ಟ, ನೇರ ಬೆಳಕಿನಲ್ಲಿ ಮಾಸಲು, ಗಾಢ ನೆರಳಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು. ಪ್ರತಿ ಹುರುಪೆಗೂ ಬಿಳಿ ಚುಕ್ಕೆ ಇಡುವವರು ಆ ಚುಕ್ಕೆಗಳನ್ನು ಅಳಿಸಿದರೇ ಚಿತ್ರ ಅರ್ಧ ಸುಧಾರಿಸುತ್ತದೆ.

ಪ್ರಶ್ನೆ: ಟ್ಯಾಬ್ಲೆಟ್ ಪೆನ್ನು ಒತ್ತಡ ಗುರುತಿಸಲು 2048 ಪ್ರೆಶರ್ ಲೆವೆಲ್ ಸಾಕೇ, 8192 ಬೇಕೇ?

ಸಾಕು. ಮೊದಲು ಪೆನ್ನಿನ ಪ್ರೆಶರ್ ಕರ್ವ್ ನಿಮ್ಮ ಕೈಗೆ ಹೊಂದಿಸಿಕೊಳ್ಳಿ.

ಪ್ರಶ್ನೆ: ಕ್ಯಾನ್ವಾಸ್ 72 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಇರಬೇಕೋ 300 ಇರಬೇಕೋ?

ಪರದೆಗೆ ಆ ಅಂಕಿ ಬೇಕಾಗಿಯೇ ಇಲ್ಲ, ಪಿಕ್ಸೆಲ್ ಎಷ್ಟು ಎಂಬುದೊಂದೇ ಲೆಕ್ಕ. ಎ4 ಹಾಳೆಗೆ 300ರಲ್ಲಿ ಮುದ್ರಿಸುವುದಾದರೆ 2480 × 3508.

ಪ್ರಶ್ನೆ: ರೆಕ್ಕೆ ಬೆನ್ನಿನಿಂದ ಕಿತ್ತುಬರುವಂತೆ ಕಾಣುತ್ತದೆ, ಏಕೆ?

ಹೆಗಲಿಲ್ಲದ ಕೈ ಜೋಡಿಸಿದ್ದೀರಿ. ಬಾವಲಿಯ ರೆಕ್ಕೆ ಎಂದರೆ ಕೈಯೇ: ಹೆಬ್ಬೆರಳು ಹೊರಗೆ, ಉಳಿದ ನಾಲ್ಕು ಉದ್ದ ಬೆರಳು ಚರ್ಮದೊಳಗೆ. ನಾಲ್ಕು ಕಾಲಿನ ಡ್ರ್ಯಾಗನ್‌ಗೆ ರೆಕ್ಕೆ ಬೇಕಿದ್ದರೆ ಎರಡನೆಯ ಜೋಡಿ ಹೆಗಲ ಫಲಕವನ್ನೂ ಅದನ್ನು ಎಳೆಯುವ ಎದೆಯ ಮಾಂಸವನ್ನೂ ಬರೆಯಿರಿ.

ಪ್ರಶ್ನೆ: ಕಣ್ಣಿಗೆ ಬೆಂಕಿಯ ಹೊಳಪು ಕೊಡಲು, ಕೆಳಗಿನ ಬಣ್ಣವನ್ನು ಬೆಳಗಿಸುವ ಕಲರ್ ಡಾಡ್ಜ್ ಮೋಡ್ ಹಾಕಿದರೆ ಏನೂ ಕಾಣುವುದೇ ಇಲ್ಲ.

ಕೆಳಗೆ ಅಪ್ಪಟ ಕಪ್ಪು ಇದೆ. ಸೊನ್ನೆಯನ್ನು ಡಾಡ್ಜ್ ಎಷ್ಟು ಹಿಗ್ಗಿಸಿದರೂ ಸೊನ್ನೆಯೇ. ಕಣ್ಣಿನ ಗುಳಿಗೆ ಮೊದಲು ಕಡುಗೆಂಪು, 60, 15, 10ರಷ್ಟು ಹಚ್ಚಿ, ಅದರ ಮೇಲೆ ಡಾಡ್ಜ್‌ನಲ್ಲಿ ಮಂಕು ಕಿತ್ತಳೆಯನ್ನು ಮೃದು ಬ್ರಷ್‌ನಿಂದ ಎರಡೇ ಸಲ ತಾಗಿಸಿ. ಅತಿಯಾದರೆ ಅದು ಸುಟ್ಟಂತೆ ಕಾಣುತ್ತದೆ.