ಓದುಗರ ಪ್ರಶ್ನೆ, ನಮ್ಮ ಉತ್ತರ: ಆಟೊಕ್ಯಾಡ್ ನಕ್ಷೆಯಲ್ಲಿ ಬರಹ ಸಾಲಿಗೆ ಬರಬೇಕಾದರೆ

ಪ್ರಶ್ನೆ: ಮನೆ ಪ್ಲಾನಿನಲ್ಲಿ ಬಾಗಿಲು-ಕಿಟಕಿಗಳ ಪಟ್ಟಿ ಹಾಕುವಾಗ ಗುರುತು, ಅಗಲ, ಎತ್ತರ ಎಲ್ಲವನ್ನೂ ಬಿಡಿಬಿಡಿ ಟೆಕ್ಸ್ಟ್ ಆಗಿ ಬರೆದಿದ್ದೇನೆ. ಒಂದೊಂದನ್ನೇ ಮೂವ್ ಮಾಡಿದರೂ ಕಾಲಂ ನೇರವಾಗುತ್ತಿಲ್ಲ. ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಆಗುತ್ತದೆಯೇ?
– ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿನಿ, ತುಮಕೂರು

ಉತ್ತರ: ಆಗುತ್ತದೆ. ಸರಿಸುವ ಮೊದಲು ಜಸ್ಟಿಫಿಕೇಶನ್ ನೋಡಿ. ಪ್ರತಿ ಟೆಕ್ಸ್ಟಿಗೂ ಅದು ನಿಂತಿರುವ ಒಂದು ಬಿಂದು ಇರುತ್ತದೆ. ಆ ಬಿಂದು ಬರಹದ ಎಡಕ್ಕಿದೆಯೋ, ನಡುವಿದೆಯೋ, ಬಲಕ್ಕಿದೆಯೋ ಎಂಬುದೇ ಜಸ್ಟಿಫಿಕೇಶನ್. ಕೆಲವು ಲೆಫ್ಟ್, ಕೆಲವು ಸೆಂಟರ್ ಆಗಿದ್ದರೆ ಬಿಂದುಗಳು ಸಾಲಾಗಿ ನಿಂತರೂ ಅಕ್ಷರಗಳು ಅಡ್ಡಾದಿಡ್ಡಿಯಾಗಿಯೇ ಕಾಣುತ್ತವೆ. ಹಾಗಾಗಿ ಮೊದಲು ಎಲ್ಲವನ್ನೂ ಒಂದೇ ಬಗೆಗೆ ತನ್ನಿ. ಗುರುತಿನ ಕಾಲಂಗೆ ಲೆಫ್ಟ್, ಅಳತೆಯ ಕಾಲಂಗಳಿಗೆ ರೈಟ್ ಒಳ್ಳೆಯದು. 0.90, 1.20, 2.10 ಹೀಗೆ ಎಲ್ಲ ಅಳತೆಗೂ ಎರಡೇ ದಶಮಾಂಶ ಸ್ಥಾನ ಇಟ್ಟರೆ ಚುಕ್ಕಿಗಳು ತಾವಾಗಿಯೇ ಒಂದರ ಕೆಳಗೊಂದು ಬರುತ್ತವೆ.

ಬಗೆ ಬದಲಿಸಲು ಪ್ರಾಪರ್ಟೀಸ್ ಫಲಕ (ಆರಿಸಿದ ವಸ್ತುವಿನ ವಿವರ ತೋರಿಸುವ ಕಿಟಕಿ) ಬೇಡ, ಅಲ್ಲಿ ಬದಲಿಸಿದರೆ ಬರಹ ಇದ್ದ ಜಾಗದಿಂದ ಜಿಗಿಯುತ್ತದೆ. ಜಸ್ಟಿಫೈಟೆಕ್ಸ್ಟ್ ಎಂಬ ಕಮಾಂಡ್ ಕೊಟ್ಟು, ಕಾಲಂನ ಟೆಕ್ಸ್ಟ್‌ಗಳನ್ನು ಆರಿಸಿ ಎಂಟರ್ ಒತ್ತಿ, ರೈಟ್ ಎಂದು ಆರಿಸಿ. ಬರಹ ಇದ್ದಲ್ಲೇ ಇರುತ್ತದೆ, ಒಳಗಿನ ಬಿಂದು ಮಾತ್ರ ಬಲ ಅಂಚಿಗೆ ಹೋಗುತ್ತದೆ.

ಈಗ ಸಾಲಿಗೆ ತರುವುದು. 2015ರ ಆವೃತ್ತಿಯಿಂದ ಈಚೆಗೆ ಇದಕ್ಕೆಂದೇ ಟೆಕ್ಸ್ಟ್‌ಅಲೈನ್ ಕಮಾಂಡ್ ಇದೆ. ಎರಡು ಪದಗಳ ನಡುವೆ ಸ್ಪೇಸ್ ಕೊಡಬೇಡಿ. ಆಟೊಕ್ಯಾಡ್‌ನಲ್ಲಿ ಸ್ಪೇಸ್ ಎಂದರೆ ಎಂಟರ್, ಬರೀ ಟೆಕ್ಸ್ಟ್ ಕಮಾಂಡ್ ಶುರುವಾಗಿಬಿಡುತ್ತದೆ. ಕಮಾಂಡ್ ಕೊಟ್ಟೊಡನೆ ಅಲೈನ್‌ಮೆಂಟ್‌ನಲ್ಲಿ ರೈಟ್, ಆಪ್ಷನ್ಸ್‌ನಲ್ಲಿ ಕರೆಂಟ್ ವರ್ಟಿಕಲ್ ಇಟ್ಟುಕೊಳ್ಳಿ. ಟೆಕ್ಸ್ಟ್‌ಗಳನ್ನು ಆರಿಸಿ ಎಂಟರ್ ಒತ್ತಿ. ಸರಿಯಾದ ಜಾಗದಲ್ಲಿರುವ ಒಂದು ಟೆಕ್ಸ್ಟನ್ನು ಕ್ಲಿಕ್ ಮಾಡಿ. ಎಫ್8 ಒತ್ತಿ ಆರ್ಥೊ (ನೇರ ಅಡ್ಡ-ಉದ್ದಕ್ಕೆ ಮಾತ್ರ ಚಲಿಸುವ ಸೌಲಭ್ಯ) ಹಾಕಿಕೊಂಡು ನೇರ ಕೆಳಗೆ ಎರಡನೇ ಬಿಂದು ಕೊಡಿ. ಪ್ರತಿ ಟೆಕ್ಸ್ಟೂ ತನ್ನ ಎತ್ತರ ಬಿಡದೆ ಅಡ್ಡಕ್ಕೆ ಮಾತ್ರ ಸರಿದು ಬಂದು ನಿಲ್ಲುತ್ತದೆ. ಅದೇ ಆಪ್ಷನ್ಸ್‌ನಲ್ಲಿರುವ ಸೆಟ್ ಸ್ಪೇಸಿಂಗ್ ಬೇರೆ: ಅಲ್ಲಿ ಕೊಡುವ ಸಂಖ್ಯೆ ಎರಡು ಬರಹಗಳ ನಡುವಿನ ಖಾಲಿ ಜಾಗದ್ದೇ ಹೊರತು ಗೆರೆಯಿಂದ ಗೆರೆಗಿನ ಅಂತರವಲ್ಲ. ಪಟ್ಟಿಯ ಗೆರೆಗಳನ್ನು ಮೊದಲೇ ಎಳೆದಿದ್ದರೆ ಅದನ್ನು ಬಳಸಬೇಡಿ.

ಕಾಲೇಜಿನ ಲ್ಯಾಬಿನಲ್ಲಿ ಹಳೆಯ ಆವೃತ್ತಿ ಇದ್ದರೆ? ಜಸ್ಟಿಫೈಟೆಕ್ಸ್ಟ್ ಮುಗಿಸಿ, ಕಾಲಂ ಪೂರ್ತಿ ಆರಿಸಿ, ಕಂಟ್ರೋಲ್ 1 ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ಜಾಮೆಟ್ರಿ ಭಾಗದಲ್ಲಿ 'ಟೆಕ್ಸ್ಟ್ ಅಲೈನ್‌ಮೆಂಟ್ ಎಕ್ಸ್' ಎದುರು ಒಂದು ಸಂಖ್ಯೆ ಬರೆದರೆ ಸಾಕು, ಎಲ್ಲವೂ ಆ ನೇರಕ್ಕೆ ಬರುತ್ತವೆ. ಲೆಫ್ಟ್ ಇರುವ ಟೆಕ್ಸ್ಟಿಗೆ ಮತ್ತು ಎಂಟೆಕ್ಸ್ಟಿಗೆ (ಹಲವು ಸಾಲುಗಳ ಟೆಕ್ಸ್ಟ್) 'ಪೊಸಿಷನ್ ಎಕ್ಸ್' ಬದಲಿಸಬೇಕು.

ಸ್ಪೇಸ್‌ಬಾರ್ ಒತ್ತಿ ಒತ್ತಿ ಕಾಲಂ ಹೊಂದಿಸುವ ಅಭ್ಯಾಸವಿದ್ದರೆ ದಯವಿಟ್ಟು ಇವತ್ತೇ ಬಿಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಬದಲಿ ಫಾಂಟ್ ಬರುತ್ತದೆ, ಅದರ ಅಕ್ಷರಗಳ ಅಗಲವೇ ಬೇರೆ. ಪಟ್ಟಿ ಪೂರ್ತಿ ಕದಡಿಹೋಗುತ್ತದೆ.

ಪ್ರಶ್ನೆ: ಕೋಣೆಗಳ ಹೆಸರನ್ನು ಇಂಗ್ಲಿಷಿನಲ್ಲಿ ಮಿಡಲ್ ಜಸ್ಟಿಫಿಕೇಶನ್ ಕೊಟ್ಟೇ ಬರೆಯುತ್ತೇನೆ. ಆದರೂ ಅಕ್ಕಪಕ್ಕದ ಎರಡು ಹೆಸರುಗಳು ಒಂದೇ ಮಟ್ಟದಲ್ಲಿ ಕಾಣುವುದಿಲ್ಲ, ಏಕೆ?
– ಡ್ರಾಫ್ಟ್ಸ್‌ಮನ್, ಹುಬ್ಬಳ್ಳಿ

ಉತ್ತರ: ಮಿಡಲ್ ಮತ್ತು ಎಂಸಿ (ಮಿಡಲ್ ಸೆಂಟರ್) ಒಂದೇ ಅಲ್ಲ. ಎಂಸಿ ದೊಡ್ಡಕ್ಷರದ ಎತ್ತರದ ನಡುವನ್ನು ಹಿಡಿಯುತ್ತದೆ. ಮಿಡಲ್ ಆದರೋ ಗೆರೆಯಿಂದ ಕೆಳಗಿಳಿಯುವ ಬಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಣ್ಣಕ್ಷರದಲ್ಲಿ ಬರೆದ ಲಾಬಿಯ ಕೊನೆಯ ವೈ ಕೆಳಗಿಳಿಯುತ್ತದೆ, ಕಿಚನ್‌ನಲ್ಲಿ ಅಂಥ ಅಕ್ಷರವಿಲ್ಲ. ಹಾಗಾಗಿ ಲಾಬಿ ಕೊಂಚ ಮೇಲೆ ಹೋಗುತ್ತದೆ. ಎಲ್ಲಕ್ಕೂ ಎಂಸಿ ಕೊಡಿ. ಬಿಂದು ಕೇಳಿದಾಗ ಎಂ2ಪಿ (ಎರಡು ಬಿಂದುಗಳ ನಡು) ಎಂದು ಟೈಪ್ ಮಾಡಿ ಕೋಣೆಯ ಎದುರುಬದುರು ಮೂಲೆಗಳನ್ನು ಕ್ಲಿಕ್ ಮಾಡಿದರೆ ಹೆಸರು ನಟ್ಟನಡುವೆ ಕೂರುತ್ತದೆ, ಸಹಾಯದ ಗೆರೆ ಎಳೆಯುವ ಕೆಲಸವಿಲ್ಲ.

ಪ್ರಶ್ನೆ: ಸೈಟಿನ ಓರೆ ಗಡಿಯ ಉದ್ದಕ್ಕೆ ಅಳತೆ ಬರೆದರೆ ಕೆಲವು ತಲೆಕೆಳಗಾಗುತ್ತವೆ.
– ಸರ್ವೇ ಕೆಲಸದವರು, ಶಿವಮೊಗ್ಗ

ಉತ್ತರ: ಟೆಕ್ಸ್ಟ್ ಕಮಾಂಡಿಗೆ ಆರಂಭದ ಬಿಂದುವಾಗಿ ಗಡಿಗೆರೆಯ ಒಂದು ತುದಿ ಕೊಟ್ಟು, ರೊಟೇಶನ್ ಕೇಳಿದಾಗ ಕೋನ ಬರೆಯುವ ಬದಲು ಇನ್ನೊಂದು ತುದಿಯನ್ನು ಕ್ಲಿಕ್ ಮಾಡಬಹುದು. ಎಡತುದಿ ಮೊದಲು, ಬಲತುದಿ ಆಮೇಲೆ. ಹಿಂದುಮುಂದಾದರೆ ಬರಹ 180 ಡಿಗ್ರಿ ತಿರುಗಿ ನಿಲ್ಲುತ್ತದೆ. ಈಗಾಗಲೇ ತಿರುಗಿರುವುದಕ್ಕೆ ಎಕ್ಸ್‌ಪ್ರೆಸ್ ಟೂಲ್ಸ್‌ನ ಟಿಓರಿಯಂಟ್ ಇದೆ. ಟೆಕ್ಸ್ಟ್‌ಗಳನ್ನು ಆರಿಸಿ, ಕೋನ ಕೇಳಿದಾಗ ಏನೂ ಬರೆಯದೆ ಎಂಟರ್ ಒತ್ತಿ. ಕೆಳಗಿನಿಂದಲೋ ಬಲಗಡೆಯಿಂದಲೋ ಓದಲು ಬರುವಂತೆ ಅವು ತಿರುಗುತ್ತವೆ.

ಪ್ರಶ್ನೆ: ಅನೊಟೇಟಿವ್ ಟೆಕ್ಸ್ಟನ್ನು 1:100ರಲ್ಲಿ ಸರಿಯಾಗಿ ಜೋಡಿಸಿದ್ದೆ. 1:50ರ ವ್ಯೂಪೋರ್ಟಿನಲ್ಲಿ (ಪ್ರಿಂಟ್ ಹಾಳೆಯಲ್ಲಿ ನಕ್ಷೆ ಕಾಣುವ ಚೌಕಟ್ಟು) ನೋಡಿದರೆ ಜಾಗ ತಪ್ಪಿದೆ.
– ಇಂಟೀರಿಯರ್ ವಿನ್ಯಾಸಕಿ, ಮೈಸೂರು

ಉತ್ತರ: ಅನೊಟೇಟಿವ್ ಟೆಕ್ಸ್ಟ್, ಅಂದರೆ ಸ್ಕೇಲಿಗೆ ತಕ್ಕಂತೆ ತಾನೇ ಗಾತ್ರ ಬದಲಿಸಿಕೊಳ್ಳುವ ಬರಹ, ಪ್ರತಿ ಸ್ಕೇಲಿಗೂ ಒಂದೊಂದು ಜಾಗ ನೆನಪಿಟ್ಟುಕೊಂಡಿರುತ್ತದೆ. ಗ್ರಿಪ್ (ಆರಿಸಿದಾಗ ಕಾಣುವ ಚಿಕ್ಕ ಚೌಕ) ಹಿಡಿದು ಎಳೆದರೆ ಆಗ ಚಾಲ್ತಿಯಲ್ಲಿರುವ ಸ್ಕೇಲಿನದು ಮಾತ್ರ ಸರಿಯುತ್ತದೆ. ನಿಮಗೆ ಬೇಕಾದ ಸ್ಕೇಲನ್ನು ಚಾಲ್ತಿ ಮಾಡಿ, ಟೆಕ್ಸ್ಟ್‌ಗಳನ್ನು ಆರಿಸಿ ಅನೊರೀಸೆಟ್ ಕೊಡಿ. ಉಳಿದ ಸ್ಕೇಲಿನವೂ ಅಲ್ಲಿಗೇ ಬರುತ್ತವೆ. ಇಲ್ಲೂ ಜಸ್ಟಿಫಿಕೇಶನ್ ನೋಡಿಕೊಳ್ಳಿ. ಕಾಗದದ ಮೇಲೆ 2.5 ಮಿ.ಮೀ. ಇರಬೇಕಾದ ಅಕ್ಷರ, ಮಿಲಿಮೀಟರಿನಲ್ಲಿ ಬರೆದ ಮಾಡೆಲ್‌ನಲ್ಲಿ 1:100ಕ್ಕೆ 250, 1:50ಕ್ಕೆ 125. ಲೆಫ್ಟ್ ಇದ್ದರೆ ಬರಹ ಎಡತುದಿಗೆ ಕುಗ್ಗುತ್ತದೆ, ಎಂಸಿ ಇದ್ದರೆ ನಡುವಿಗೆ ಕುಗ್ಗುತ್ತದೆ. ಕೋಣೆಯ ಹೆಸರಿಗೆ ಎಂಸಿಯೇ ಸರಿ.

ಪ್ರಶ್ನೆ: ಮಾಲೀಕರ ಹೆಸರು, ವಿಳಾಸ ಕನ್ನಡದಲ್ಲಿ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಕೆಲವೊಮ್ಮೆ ಸಾಲುಗಳು ಪಟ್ಟಿಯ ಗೆರೆಗೂ ತಾಗುತ್ತವೆ.
– ಓದುಗರು, ಹಾಸನ

ಉತ್ತರ: ಸಿಂಪ್ಲೆಕ್ಸ್, ರೋಮನ್ಸ್‌ನಂಥ ಎಸ್‌ಎಚ್‌ಎಕ್ಸ್ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ವಿಂಡೋಸ್‌ನ ನಿರ್ಮಲಾ ಯುಐ ಅಥವಾ ತುಂಗಾ ಫಾಂಟ್ ಇಟ್ಟು ಕನ್ನಡಕ್ಕೇ ಬೇರೆ ಟೆಕ್ಸ್ಟ್ ಸ್ಟೈಲ್ ಮಾಡಿಕೊಳ್ಳಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಬಳಸಿದರೆ, ಆ ಫಾಂಟ್ ಇಲ್ಲದ ಕಡೆ ಹೆಸರಿನ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಸಾಲುಗಳ ಅಂತರಕ್ಕೆ ಬಂದರೆ, ನಮ್ಮ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು. ಎಂಟೆಕ್ಸ್ಟಿನ ಪ್ರಾಪರ್ಟೀಸ್‌ನಲ್ಲಿ ಲೈನ್ ಸ್ಪೇಸ್ ಸ್ಟೈಲನ್ನು 'ಎಗ್ಸಾಕ್ಟ್ಲಿ' ಮಾಡಿ, ಲೈನ್ ಸ್ಪೇಸ್ ಡಿಸ್ಟನ್ಸ್‌ನಲ್ಲಿ ಪಟ್ಟಿಯ ಒಂದು ಅಡ್ಡಸಾಲಿನ ಎತ್ತರವನ್ನೇ ಬರೆಯಿರಿ. 'ಅಟ್ ಲೀಸ್ಟ್' ಎಂದೇ ಬಿಟ್ಟರೆ ನಡುವೆ ಒಂದು ದೊಡ್ಡ ಅಕ್ಷರ ಬಂದರೂ ಆ ಸಾಲಿನ ಅಂತರ ಹಿಗ್ಗಿ, ಕೆಳಗಿನ ಸಾಲುಗಳೆಲ್ಲ ಮನೆ ತಪ್ಪುತ್ತವೆ.