ಅಪ್ಪ ಹೋಗಿದ್ದು ಮಾಟದಿಂದ ಅಂತಾರೆ ಅಮ್ಮ, ವ್ಯಾಕ್ಸಿನ್‌ನಿಂದ ಅಂತಾನೆ ತಮ್ಮ

ಪ್ರಶ್ನೆ: ನನಗೆ 31 ವರ್ಷ, ವಿಜಯನಗರ. ಹೋದ ವರ್ಷ ಅಪ್ಪ ವಾಕಿಂಗ್ ಮುಗಿಸ್ಕೊಂಡು ಬಂದವ್ರು ಶೂ ಬಿಚ್ತಾ ಬಿಚ್ತಾನೇ ಕುಸಿದು ಹೋದ್ರು, ಹಾರ್ಟ್ ಅಟ್ಯಾಕ್, 58 ವರ್ಷ ಅಷ್ಟೇ. ಆ ವಾರ ಗೇಟ್ ಹತ್ರ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿತ್ತಂತೆ, ಸೈಟ್ ಜಗಳ ಇರೋದ್ರಿಂದ ಚಿಕ್ಕಮ್ಮನೇ ಮಾಟ ಮಾಡ್ಸಿದ್ದು ಅಂತ ಅಮ್ಮ ಹಠ ಹಿಡ್ದಿದಾರೆ. ಯಾರೋ ಒಬ್ಬನ ಹತ್ರ ಹೋಗಿ ಬರ್ತಾರೆ, ತಡೆ ಒಡೆಯೋಕೆ 60 ಸಾವಿರ ಕೇಳಿದಾನೆ, ಬಳೆ ಅಡ ಇಡ್ತೀನಿ ಅಂತಿದಾರೆ. ತಮ್ಮ ಇಂಜಿನಿಯರ್, ಮಾಟ ಗೀಟ ನಂಬಲ್ಲ, ಆದ್ರೆ ಕೋವಿಡ್ ವ್ಯಾಕ್ಸಿನ್‌ನಿಂದ್ಲೇ ಆಗಿದ್ದು, ಡಾಕ್ಟರ್‌ಗಳೆಲ್ಲ ಸೇರಿ ಮುಚ್ಚಿಡ್ತಿದಾರೆ ಅಂತಾನೆ. ಮುಂದಿನ ತಿಂಗಳು ಚಿಕ್ಕಮ್ಮನ ಮಗಳ ಮದುವೆ, ನಾವಿಬ್ರೂ ಒಟ್ಟಿಗೇ ಬೆಳೆದವ್ರು. ಹೋದ್ರೆ ನನ್ನ ಮುಖ ನೋಡ್ಬೇಡ ಅಂತಾರೆ ಅಮ್ಮ. ಏನ್ ಮಾಡ್ಲಿ?

ಉತ್ತರ: ಮದುವೆಗೆ ಹೋಗಿ. ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಇನ್ನು ಮುಂದೆ ಬರೆಯೋದೆಲ್ಲ ಅಮ್ಮನ ಪರವಾಗಿ ಇದ್ದ ಹಾಗೆ ಕಾಣ್ಬಹುದು.

ಅಮ್ಮಂದು ಮೂಢನಂಬಿಕೆ, ತಮ್ಮಂದು ಬೇರೆ ಥರ ತಲೆನೋವು ಅಂತ ನೀವು ಎರಡು ಖಾನೆ ಮಾಡಿ ಬರ್ದಿದೀರ, ನನಗೆ ಇಬ್ರೂ ಒಂದೇ ಪ್ರಶ್ನೆ ಹಿಡ್ಕೊಂಡು ಕೂತ ಹಾಗೆ ಅನ್ಸತ್ತೆ. ಇವಾನ್ಸ್-ಪ್ರಿಚರ್ಡ್ ಅಂತ ಒಬ್ಬ ಮಾನವಶಾಸ್ತ್ರಜ್ಞರು ಆಫ್ರಿಕಾದ ಅಜಾಂಡೆ ಜನರ ಜೊತೆ ಇದ್ದು 1937ರಲ್ಲಿ ಬರೆದಿದ್ರು. ಅಲ್ಲಿ ಕಣಜದ ಕೆಳಗಡೆ ನೆರಳು ಅಂತ ಜನ ಕೂತಿರ್ತಾರೆ, ಒಮ್ಮೊಮ್ಮೆ ಕಂಬಕ್ಕೆ ಗೆದ್ದಲು ಹಿಡಿದು ಕಣಜ ತಲೆ ಮೇಲೇ ಬೀಳತ್ತೆ. ಗೆದ್ದಲಿನಿಂದ ಬಿತ್ತು ಅಂತ ಅವರಿಗೂ ಗೊತ್ತು, ಅದ್ರಲ್ಲಿ ತಕರಾರಿಲ್ಲ, ಆದ್ರೆ ಇವ್ರೇ ಕೂತಿದ್ದಾಗ, ಇದೇ ಹೊತ್ತಿಗೆ ಯಾಕೆ ಬಿತ್ತು ಅಂದ್ರೆ ಮಾತ್ರ ಮಾಟ ಅಂತಿದ್ರು. ನಿಮ್ಮನೇಲೂ ಅಷ್ಟೇ, ಹಾರ್ಟ್ ಅಟ್ಯಾಕ್ ಅಂತ ಅಮ್ಮಂಗೆ ಗೊತ್ತಿಲ್ವಾ? ಗೊತ್ತು. ದಿನಾ ವಾಕಿಂಗ್ ಹೋಗೋ ನನ್ನ ಗಂಡನಿಗೇ ಯಾಕೆ, ಅವತ್ತೇ ಯಾಕೆ ಅನ್ನೋದಕ್ಕೆ ಯಾವ ಡಾಕ್ಟರ್ ಹತ್ರ ಉತ್ತರ ಇದೆ ಹೇಳಿ. ಮಾಟಗಾರನ ಹತ್ರ ಇದೆ. ವಾಟ್ಸಾಪ್ ಹತ್ರಾನೂ ಇದೆ.

ನಿಂಬೆಹಣ್ಣಿನ ವಿಷ್ಯ. ಅಮಾವಾಸ್ಯೆ ಮಾರನೇ ದಿನ ವಿಜಯನಗರದಲ್ಲಿ ಮೂರು ರಸ್ತೆ ಸೇರೋ ಕಡೆ ನಿಂತು ನೋಡಿ, ಒಡೆದ ಬೂದುಗುಂಬಳ, ಕುಂಕುಮ ಮೆತ್ತಿದ ನಿಂಬೆಹಣ್ಣು ಕಾಲಿಗೆ ಸಿಗತ್ತೆ. ಯಾರೋ ಹೊಸ ಸ್ಕೂಟರ್‌ಗೆ ಪೂಜೆ ಮಾಡಿ ಟೈರ್ ಕೆಳಗೆ ಇಟ್ಟಿದ್ದು ಉರುಳಿ ನಿಮ್ಮ ಗೇಟಿಗೆ ಬಂದಿದ್ರೂ ಬಂದಿರ್ಬಹುದು. ನಿಮ್ಮ ಗೇಟ್ ಮುಂದೆ ಹಿಂದೆಯೂ ಬಿದ್ದಿರತ್ತೆ, ಆಗ ಅಮ್ಮ ಪೊರಕೇಲಿ ಗುಡಿಸಿ ಹಾಕಿರ್ತಾರೆ, ನೆನಪಲ್ಲಿ ಉಳ್ದಿರಲ್ಲ. ಸಾವಿನ ವಾರದ್ದು ಮಾತ್ರ ಉಳೀತು. ಕೈಯಲ್ಲಿ ಏನೂ ಇಲ್ಲ ಅನ್ಸಿದಾಗ ಮನಸ್ಸು ಹೀಗೆ ಚುಕ್ಕಿ ಸೇರ್ಸಿ ಸೇರ್ಸಿ ರಂಗೋಲಿ ಹಾಕತ್ತೆ. ವಿಟ್ಸನ್, ಗಲಿನ್ಸ್ಕಿ ಅನ್ನೋ ಇಬ್ರು ಸಂಶೋಧಕರು 2008ರಲ್ಲಿ ಇದನ್ನ ಪ್ರಯೋಗ ಮಾಡಿ ತೋರ್ಸಿದ್ರು, ಹಿಡಿತ ತಪ್ಪಿದೆ ಅನ್ನೋ ಭಾವನೆ ಹುಟ್ಟಿಸಿದ್ರೆ ಜನ ಬರೀ ಚುಕ್ಕಿ ತುಂಬಿದ ಚಿತ್ರದಲ್ಲೂ ಇಲ್ಲದ ಆಕಾರ ಕಾಣ್ತಾರೆ, ಸುಮ್ನೆ ನಡೆದಿದ್ರಲ್ಲೂ ಪಿತೂರಿ ಕಾಣ್ತಾರೆ. ಅಂಥ ಜನಕ್ಕೆ ತಮ್ಮ ಬದುಕಲ್ಲಿ ಯಾವ್ದು ಮುಖ್ಯ ಅಂತ ಯೋಚ್ನೆ ಮಾಡೋಕೆ ಕೊಟ್ರೆ ಇದು ಕಮ್ಮಿ ಆಗ್ತಿತ್ತು. ಈ ಕೊನೇದು ನಿಮಗೆ ಕೆಲ್ಸಕ್ಕೆ ಬರತ್ತೆ.

ಇನ್ನೊಂದು, ಸ್ವಲ್ಪ ಸೂಕ್ಷ್ಮದ್ದು, ಇದು ನನ್ನ ಊಹೆ ಅಷ್ಟೇ. ಹಿಂದಿನ ದಿನ ಅಪ್ಪ ಎದೆ ಉರಿ ಅಂದಿದ್ರಾ, ಅಮ್ಮ ಗ್ಯಾಸ್ಟ್ರಿಕ್ ಇರ್ಬೇಕು ಅಂತ ಜೀರಿಗೆ ನೀರು ಕೊಟ್ಟಿದ್ರಾ? ವ್ಯಾಕ್ಸಿನ್‌ಗೆ ಸ್ಲಾಟ್ ಬುಕ್ ಮಾಡಿದ್ದು ತಮ್ಮನಾ? ಮಾಟ ಅಂತಾದ್ರೆ ತಪ್ಪು ವಾರಗಿತ್ತಿಯದು, ಮುಚ್ಚಿಟ್ರು ಅಂತಾದ್ರೆ ಡಾಕ್ಟರ್‌ಗಳದು, ಎರಡರಲ್ಲೂ ಮನೆಯವ್ರ ಮೇಲೆ ಬರಲ್ಲ. ನೇರ ಕೇಳೋಕೆ ಹೋಗ್ಬೇಡಿ, ರಾತ್ರಿ ಅಡುಗೆಮನೇಲಿ ಜೊತೆಗೆ ಪಾತ್ರೆ ತೊಳೆಯೋವಾಗ ಅಪ್ಪನ ಕೊನೇ ವಾರದ ಮಾತೆತ್ತಿ ಸುಮ್ನೆ ಕೇಳಿಸ್ಕೊಳ್ಳಿ, ಮಧ್ಯೆ ಬಾಯಿ ಹಾಕ್ಬೇಡಿ.

ವಾದ ಮಾಡಿ ಗೆಲ್ಲೋ ಆಸೆ ಬಿಟ್ಬಿಡಿ. ಬೆಂಗಳೂರು ವಿವಿಯ ಕುಲಪತಿ ಆಗಿದ್ದಾಗ ಎಚ್. ನರಸಿಂಹಯ್ಯನವ್ರು 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿನೇ ಮಾಡಿದ್ರು, ಊರಿಗೆ ಅಂಥವ್ರು ಬೇಕು, ಆದ್ರೆ ಗಂಡ ಸತ್ತು ವರ್ಷ ಕಳೆದ ಹೆಂಗಸಿನ ಮುಂದೆ ಮಗಳು ಸಮಿತಿ ಥರ ಕೂತ್ರೆ ಅವರು ಇನ್ನೂ ಬಿಗಿಯಾಗಿ ಬಾಗಿಲು ಹಾಕ್ಕೋತಾರೆ.

ತಮ್ಮನ ಕಥೆ ಸುಲಭ ಅನ್ಕೋಬೇಡಿ. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗ ಜಯದೇವ ಆಸ್ಪತ್ರೆ ಮುಂದೆ ಚೆಕಪ್‌ಗೆ ಎಷ್ಟು ಜನ ನಿಂತಿದ್ರು ನೋಡಿದೀವಲ್ಲ, ಆಮೇಲೆ ಜಯದೇವ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ವ್ಯಾಕ್ಸಿನ್‌ಗೂ ಇದಕ್ಕೂ ನಂಟಿಲ್ಲ ಅಂತು. ಅದನ್ನ ಫಾರ್ವರ್ಡ್ ಮಾಡಿದ್ರೆ ‘ಅವ್ರೂ ಸೇರ್ಕೊಂಡಿದಾರೆ’ ಅಂತಾನೆ, ಈ ಥರ ನಂಬಿಕೆಯ ಕಷ್ಟನೇ ಇದು, ವಿರುದ್ಧ ಸಿಕ್ಕ ಸಾಕ್ಷಿನೂ ಪಿತೂರಿಯ ಲೆಕ್ಕಕ್ಕೇ ಹೋಗತ್ತೆ. ಅದ್ರ ಬದಲು ಅಪ್ಪನ ಹಳೇ ರಿಪೋರ್ಟ್, ಬಿಪಿ, ಶುಗರ್, ಕೊಲೆಸ್ಟ್ರಾಲ್, ಎಲ್ಲಾ ಒಂದು ಫೈಲ್ ಮಾಡಿ ಅವನ ಕೈಯಿಂದ್ಲೇ ತರಿಸಿ, ಮೂರೂ ಜನ ಒಬ್ಬ ಕಾರ್ಡಿಯಾಲಜಿಸ್ಟ್ ಹತ್ರ ಹೋಗಿ ಅರ್ಧ ಗಂಟೆ ಕೂತ್ಕೊಳ್ಳಿ. ಸತ್ತ ದಿನ ಯಾರಿಗೂ ಏನೂ ಕೇಳೋ ಸ್ಥಿತಿ ಇರಲ್ಲ, ನಿಮ್ಮ ಮನೆಗೆ ಸರಿಯಾಗಿ ವಿವರಿಸಿದವ್ರು ಬಹುಶಃ ಯಾರೂ ಇಲ್ಲ. ಹಾಗೇ ನೀವಿಬ್ರೂ ಚೆಕಪ್ ಮಾಡಿಸ್ಕೊಳ್ಳಿ, ಅಪ್ಪನಿಗೆ 58ಕ್ಕೆ ಆಗಿದೆ.

60 ಸಾವಿರದ ವಿಷ್ಯದಲ್ಲಿ ಮಾತ್ರ ಗಟ್ಟಿಯಾಗಿರಿ. ಮಾಟ ಇದೆಯಾ ಇಲ್ವಾ ಅಂತ ಚರ್ಚೆ ಬೇಡ, ‘ಅಮ್ಮಾ, ಬಳೆ ಅಡ ಇಡೋದು ಬೇಡ, ನಿಮ್ಮ ಸಮಾಧಾನಕ್ಕೆ ಮನೆದೇವರ ಹತ್ರ ಹೋಗ್ಬರೋಣ, ಗಾಡಿ ನಾನು ಮಾಡ್ತೀನಿ’ ಅಷ್ಟೇ. ಖರ್ಚು ಗಾಡಿ ಬಾಡಿಗೆ, ಹಣ್ಣುಕಾಯಿ. ಇದು ಮೂಢನಂಬಿಕೆಗೆ ಸೋತ ಹಾಗಲ್ವಾ ಅಂತ ಕೇಳ್ಬಹುದು, ಇರ್ಲಿ ಬಿಡಿ, ಭಯ ಹುಟ್ಟಿಸಿ ಕಾಸು ಕೀಳೋನ ಹತ್ರ ಹೋಗೋದಕ್ಕಿಂತ ಸಾವಿರ ಪಾಲು ವಾಸಿ. ಅವನು ಫೋನ್ ಮಾಡಿ ಮಾಡಿ ಹೆದರ್ಸಿದ್ರೆ ಆ ಮೆಸೇಜ್‌ಗಳನ್ನ ಡಿಲೀಟ್ ಮಾಡ್ಬೇಡಿ, ನಮ್ಮ ರಾಜ್ಯದಲ್ಲಿ ವಾಮಾಚಾರ ತಡೆಯೋಕೆ 2017ರ ಕಾಯ್ದೆನೇ ಇದೆ, ಸ್ಟೇಷನ್ನಿಗೆ ಹೋಗೋ ಮುಂಚೆ ಒಬ್ಬ ವಕೀಲರನ್ನ ಕೇಳಿ.

ಆಮೇಲೆ ಮೇಲೆ ಹೇಳಿದ್ನಲ್ಲ, ಮುಖ್ಯ ಅನ್ನಿಸೋ ಕೆಲ್ಸ. ಅಪ್ಪನ ಪೆನ್ಷನ್ ಪೇಪರ್ ಓಡಾಟ ಎಲ್ಲ ನೀವೇ ಮಾಡ್ತಿದ್ರೆ ಅಮ್ಮಂಗೆ ಬಿಡಿ, ಬ್ಯಾಂಕ್‌ಗೆ ಅವರೇ ಹೋಗಿ ಸಹಿ ಹಾಕಿ ಜಗಳ ಆಡ್ಕೊಂಡು ಬರ್ಲಿ.

ಅಮ್ಮಂಗೆ ನಿದ್ದೆ ಪೂರ್ತಿ ಹೋಗಿದ್ರೆ, ಊಟದಲ್ಲಿ ಏನೋ ಹಾಕಿದಾರೆ ಅಂತ ತಿನ್ನೋದೇ ಬಿಟ್ರೆ, ಯಾರೂ ಇಲ್ಲದಾಗ ಬೈತಿರೋ ದನಿ ಕೇಳತ್ತೆ ಅಂದ್ರೆ ಇದ್ಯಾವ್ದಕ್ಕೂ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ಇಲ್ಲಾ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ.

ಮದುವೆಗೆ ಹೋಗೋದನ್ನ ಅಮ್ಮನಿಂದ ಮುಚ್ಚಿಡ್ಬೇಡಿ, ಒಂದು ವಾರ ಮುಂಚೆನೇ ಹೇಳಿ. ಬೈತಾರೆ, ಅಳ್ತಾರೆ, ಮಾತು ಬಿಟ್ರೂ ಬಿಡ್ಬಹುದು, ಆ ಎರಡು ದಿನಕ್ಕೆ ಅಮ್ಮನ ಜೊತೆ ಇರೋಕೆ ದೊಡ್ಡಮ್ಮನೋ ಸೋದರತ್ತೆನೋ ಯಾರಾದ್ರೂ ಬರೋ ಹಾಗೆ ಈಗ್ಲೇ ಮಾತಾಡಿಡಿ.