ಜೈಲು ಬೇಡ ಅಂದರೆ, ಕೊಲೆ ಮಾಡಿದವನನ್ನು ಏನು ಮಾಡೋಣ?

ನಮಸ್ಕಾರ.

ಅಮೆರಿಕದ ಕಪ್ಪು ಜನರ ಹೋರಾಟ ಮತ್ತು ಜೈಲುಗಳೇ ಬೇಡ ಎನ್ನುವ ಚಳವಳಿಯ ಬಗ್ಗೆ ನೀವು ಕಳಿಸಿದ ‘ಸರಪಳಿಗಳ ಕೂಗು’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ಕನ್ನಡದಲ್ಲಿ ಇದನ್ನು ಬರೆಯುವವರು ಕಡಿಮೆ. ಅದಕ್ಕೇ ಇಷ್ಟುದ್ದದ ಪತ್ರ. ಸ್ವಲ್ಪ ಖಾರ ಜಾಸ್ತಿ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ತೆಗೆದುಬಿಡಿ. ಮನುಷ್ಯ ಹುಟ್ಟುವಾಗ ಸ್ವತಂತ್ರ, ಸಮಾನತೆ ಅಂದರೆ ಏನು, ಅನ್ಯಾಯ ಎಲ್ಲೆಲ್ಲೂ ಇದೆ... ಇದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ಆದರೆ ಮೂರನೇ ಪುಟದವರೆಗೆ ಬರುವುದೂ ಇಲ್ಲ. ಪೆನ್ಸಿಲ್ ಹಿಡಿದು ಎಣಿಸಿದೆ. ‘ವ್ಯವಸ್ಥೆ’ 34 ಸಲ ಬಂದಿದೆ, ‘ಶೋಷಣೆ’ 21 ಸಲ. ಮನುಷ್ಯರ ಹೆಸರು ಮೂರು, ಊರಿನ ಹೆಸರು ಎರಡು. ಭಾಷಣಕ್ಕಾದರೆ ಇದು ನಡೆಯುತ್ತದೆ. ಅಲ್ಲಿ ಚಪ್ಪಾಳೆ ಬಿದ್ದಾಗ ಉಸಿರಾದರೂ ತೆಗೆದುಕೊಳ್ಳಬಹುದು.

ಇನ್ನು ತಪ್ಪುಗಳು. ನನಗೆ ಹೆಚ್ಚು ಕಸಿವಿಸಿ ಮಾಡಿದ್ದು ಆಟಿಕಾ. ನ್ಯೂಯಾರ್ಕ್ ರಾಜ್ಯದ ಆ ಜೈಲಿನಲ್ಲಿ 1971ರಲ್ಲಿ ನಡೆದ ದಂಗೆಯ ಬಗ್ಗೆ ಬರೆಯುತ್ತಾ, ಸಿಟ್ಟಿಗೆದ್ದ ಕೈದಿಗಳು ಒತ್ತೆಯಾಳುಗಳ ಕತ್ತು ಕೊಯ್ದು ಕೊಂದರು ಎಂದಿದ್ದೀರಿ. ಆ ಸಿಟ್ಟನ್ನು ನಾವು ಅರ್ಥ ಮಾಡಿಕೊಳ್ಳಬೇಕು ಅಂತ ಸಮರ್ಥನೆ ಬೇರೆ. ಸ್ವಾಮಿ, ಅದು ನಡೆದೇ ಇಲ್ಲ. ದಂಗೆ ಶುರುವಾದದ್ದು ಸೆಪ್ಟೆಂಬರ್ 9ಕ್ಕೆ. ಕೈದಿಗಳು ಕೇಳಿದ್ದರಲ್ಲಿ ಸರಿಯಾದ ಚಿಕಿತ್ಸೆ, ಕೆಲಸಕ್ಕೆ ಕನಿಷ್ಠ ಕೂಲಿ, ಧರ್ಮ ಪಾಲಿಸುವ ಸ್ವಾತಂತ್ರ್ಯ ಇದ್ದವು. ಮಾತುಕತೆ ಮುರಿದುಬಿತ್ತು. 13ರ ಬೆಳಿಗ್ಗೆ ಸರ್ಕಾರ ಹೆಲಿಕಾಪ್ಟರಿನಿಂದ ಅಶ್ರುವಾಯು ಸುರಿಸಿ ಪೊಲೀಸರನ್ನು ಒಳಗೆ ನುಗ್ಗಿಸಿತು. ಆ ಗುಂಡಿನ ಮಳೆಗೆ ಬಲಿಯಾದವರು 39 ಜನ. 29 ಕೈದಿಗಳು, 10 ಒತ್ತೆಯಾಳುಗಳು. ಅಧಿಕಾರಿಗಳು ವರದಿಗಾರರ ಮುಂದೆ ಹೇಳಿದ್ದು ಮಾತ್ರ ಬೇರೆ, ಕೈದಿಗಳೇ ಕತ್ತು ಕೊಯ್ದರು ಅಂತ. ಪತ್ರಿಕೆಗಳು ಅದನ್ನೇ ಅಚ್ಚು ಹಾಕಿದವು. ಮಾರನೇ ದಿನ ಶವಪರೀಕ್ಷೆ ಮಾಡಿದ ಡಾಕ್ಟರ್ ಜಾನ್ ಎಡ್ಲಂಡ್, ಒತ್ತೆಯಾಳುಗಳು ಸತ್ತದ್ದು ಗುಂಡೇಟಿನಿಂದ ಎಂದರು. ಕೈದಿಗಳ ಹತ್ತಿರ ಬಂದೂಕೇ ಇರಲಿಲ್ಲ! ಅವತ್ತಿನ ಪತ್ರಿಕೆಗಳು ಮಾಡಿದ ತಪ್ಪನ್ನೇ ಇಷ್ಟು ವರ್ಷದ ಮೇಲೆ ನೀವು ಮಾಡಿದ್ದೀರಿ, ಅದೂ ಕೈದಿಗಳ ಪರವಾಗಿ ನಿಂತುಕೊಂಡು. ಹಾಗೆಯೇ, ದಂಗೆಯ ಮೊದಲ ದಿನ ಏಟು ತಿಂದ ಒಬ್ಬ ಕಾವಲುಗಾರ ಆಮೇಲೆ ಸತ್ತದ್ದು, ಕೈದಿಗಳೇ ಮೂವರು ಕೈದಿಗಳನ್ನು ಕೊಂದದ್ದು ನಿಜ. ಅದು ನಿಮ್ಮ ಲೇಖನದಲ್ಲಿ ಇಲ್ಲ. ಸೇರಿಸಿ.

ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿ ಜೈಲುಗಳನ್ನು ಹುಟ್ಟುಹಾಕಿತು ಎಂದಿದ್ದೀರಿ. ಜೈಲು ಅದಕ್ಕಿಂತ ಮೊದಲೇ ಇತ್ತು. 1865ರ ಆ ತಿದ್ದುಪಡಿ ಗುಲಾಮಗಿರಿ ತೆಗೆಯಿತು, ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದಿಂದ ದುಡಿಸುವುದನ್ನು ಆ ನಿಷೇಧದಿಂದ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳು ಆ ಕಿಂಡಿಯಲ್ಲೇ ತೂರಿದವು. ಕೆಲಸವಿಲ್ಲದೆ ಅಲೆಯುವುದೇ ಅಪರಾಧ ಅಂತ ಕಾನೂನು ಮಾಡಿ ಕಪ್ಪು ಜನರನ್ನು ಹಿಡಿದರು. ಹಿಡಿದವರನ್ನು ಕಲ್ಲಿದ್ದಲು ಗಣಿಗೂ ರೈಲು ದಾರಿ ಹಾಕುವ ಕೆಲಸಕ್ಕೂ ಬಾಡಿಗೆಗೆ ಕೊಟ್ಟರು. ಇಷ್ಟು ಹೇಳಿದರೆ ಸಾಕು, ಉತ್ಪ್ರೇಕ್ಷೆ ಬೇಕಾಗಿಲ್ಲ.

ಈಗ ಅಸಲು ತಕರಾರಿಗೆ ಬರುತ್ತೇನೆ. ಲೇಖನ ಓದುವ ಯಾರಿಗಾದರೂ ಒಂದು ಪ್ರಶ್ನೆ ಬರುತ್ತದೆ. ‘ಸರಿ ಕಣಯ್ಯಾ, ಜೈಲು ಬೇಡ. ಕೊಲೆ ಮಾಡಿದವನನ್ನು ಏನು ಮಾಡೋಣ?’ ನೀವು ಅದನ್ನು ಪಕ್ಕಕ್ಕೆ ಸರಿಸಿದ್ದೀರಿ. ಜೈಲಿನಲ್ಲಿರುವವರು ಹೆಚ್ಚಾಗಿ ಸಣ್ಣಪುಟ್ಟ ಗಾಂಜಾ ಕೇಸಿನವರು, ಖಾಸಗಿ ಕಂಪನಿಗಳು ಲಾಭಕ್ಕಾಗಿ ಕೂಡಿಹಾಕಿರುವವರು ಎಂದು ಹೇಳಿ ಮುಂದೆ ಹೋಗಿದ್ದೀರಿ. ಲೆಕ್ಕ ಹಾಗಿಲ್ಲ. ಅಮೆರಿಕದಲ್ಲಿ ಬೇರೆ ಬೇರೆ ಜೈಲುಗಳಲ್ಲಿ ಒಟ್ಟು 19 ಲಕ್ಷದಷ್ಟು ಜನ ಇದ್ದಾರೆ. ಖಾಸಗಿ ಜೈಲುಗಳಲ್ಲಿರುವವರು ನೂರಕ್ಕೆ ಎಂಟರ ಆಸುಪಾಸು. ರಾಜ್ಯಗಳ ಜೈಲುಗಳಲ್ಲಂತೂ ಅರ್ಧಕ್ಕಿಂತ ಜಾಸ್ತಿ ಜನ ಹಿಂಸೆಯ ಅಪರಾಧಕ್ಕೇ ಒಳಗಿರುವವರು. ಗಾಂಜಾದವರನ್ನೆಲ್ಲ ನಾಳೆಯೇ ಬಿಟ್ಟರೂ ಆ ಜೈಲುಗಳು ತುಂಬಿಯೇ ಇರುತ್ತವೆ. ‘ಅಲ್ಲಿ ಇರುವವರೆಲ್ಲ ಕರಿಯರೇ’ ಎಂಬ ಸಾಲೂ ತಪ್ಪು. ಜನಸಂಖ್ಯೆಯಲ್ಲಿ ಅವರು ಏಳರಲ್ಲಿ ಒಂದು ಪಾಲು, ಜೈಲಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಅನ್ಯಾಯ ಕಾಣಲು ಈ ಎರಡು ಅಂಕಿ ಸಾಲದೇ?

ಈ ಪ್ರಶ್ನೆಗೆ ಚಳವಳಿಯವರು ಹೆದರುವುದಿಲ್ಲ. ಏಂಜೆಲಾ ಡೇವಿಸ್, ರೂತ್ ವಿಲ್ಸನ್ ಗಿಲ್ಮೋರ್ ಮತ್ತಿತರರು 1998ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೈಲುಗಳ ವಿರುದ್ಧ ‘ಕ್ರಿಟಿಕಲ್ ರೆಸಿಸ್ಟೆನ್ಸ್’ ಎಂಬ ಸಮಾವೇಶ ನಡೆಸಿದಾಗಿನಿಂದ ಅವರು ಇದಕ್ಕೆ ಉತ್ತರ ಕೊಡುತ್ತಲೇ ಇದ್ದಾರೆ. ನಾಳೆ ಬೆಳಿಗ್ಗೆ ಗೇಟು ತೆಗೆಯಿರಿ ಅನ್ನುವುದಲ್ಲ ಅವರ ಮಾತು. ಜೈಲು ಬೇಕಾಗದ ಹಾಗೆ ಬೇರೆ ಏನೇನು ಕಟ್ಟಬೇಕು ಅನ್ನುವುದು. ನ್ಯೂಯಾರ್ಕಿನ ಬ್ರೂಕ್ಲಿನ್‌ನ ‘ಕಾಮನ್ ಜಸ್ಟಿಸ್’ ಅನ್ನುವ ಸಂಸ್ಥೆ ದರೋಡೆ, ಹಲ್ಲೆಯಂಥ ಗಂಭೀರ ಕೇಸುಗಳನ್ನೇ ಕೈಗೆತ್ತಿಕೊಳ್ಳುತ್ತದೆ. ಏಟು ತಿಂದವರು ಒಪ್ಪಿದರೆ ಮಾತ್ರ. ಏಟು ಕೊಟ್ಟವನು ಎದುರಿಗೆ ಕೂತು ತಪ್ಪೊಪ್ಪಿಕೊಂಡು, ಅವರು ಹೇಳಿದ ರೀತಿಯಲ್ಲಿ ಸರಿಪಡಿಸಬೇಕು. ನನಗೆ ಇಡೀ ವಾದ ಒಪ್ಪಿಗೆಯಾಗಿಲ್ಲ, ನಿಜ ಹೇಳಬೇಕಲ್ವಾ. ಆದರೆ ಒಪ್ಪಿಗೆಯಾಗದವನನ್ನೂ ಕೂರಿಸಿಕೊಂಡು ಓದಿಸಬೇಕು ನಿಮ್ಮ ಲೇಖನ.

ಅದಕ್ಕೆ ಬೇಕಾದ ಕಥೆ ನಿಮ್ಮ ಹತ್ತಿರವೇ ಇದೆ. ಏಳನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ, ‘ಷಿಕಾಗೋದಲ್ಲೂ ಹೋರಾಟ ನಡೆಯಿತು’ ಅಂತ. ಅಯ್ಯೋ, ಅದೇ ಲೇಖನ! 1972ರಿಂದ 1991ರವರೆಗೆ ಅಲ್ಲಿ ಜಾನ್ ಬರ್ಜ್ ಎಂಬ ಪೊಲೀಸ್ ಅಧಿಕಾರಿ ಮತ್ತು ಅವನ ಕೈಕೆಳಗಿನವರು ನೂರಕ್ಕೂ ಹೆಚ್ಚು ಜನರಿಗೆ ಚಿತ್ರಹಿಂಸೆ ಕೊಟ್ಟರು. ಹೆಚ್ಚುಕಡಿಮೆ ಎಲ್ಲರೂ ಕಪ್ಪು ಜನ. ಕೈಯಲ್ಲಿ ತಿರುಗಿಸುವ ಪೆಟ್ಟಿಗೆಯಿಂದ ಕರೆಂಟ್ ಕೊಡುವುದು, ಟೈಪ್‌ರೈಟರ್ ಮುಚ್ಚುವ ಪ್ಲಾಸ್ಟಿಕ್ ಕವರನ್ನು ತಲೆಗೆ ಹಾಕಿ ಉಸಿರು ಕಟ್ಟಿಸುವುದು. ಹೀಗೆ ಬಾಯಿ ಬಿಡಿಸಿದ ಹೇಳಿಕೆ ಮೇಲೆ ಕೆಲವರಿಗೆ ಮರಣದಂಡನೆ ಆಯಿತು. 2003ರಲ್ಲಿ ಆ ರಾಜ್ಯದ (ಇಲಿನಾಯ್) ಗವರ್ನರ್ ಜಾರ್ಜ್ ರಯಾನ್ ಅವರಲ್ಲಿ ನಾಲ್ವರಿಗೆ ಕ್ಷಮಾದಾನ ಕೊಟ್ಟರು. ಬರ್ಜ್ ಮೇಲೆ ಚಿತ್ರಹಿಂಸೆಯ ಕೇಸು ಹಾಕಲು ಕಾಲಾವಧಿ ಮುಗಿದುಹೋಗಿತ್ತು. ಕೊನೆಗೆ 2010ರಲ್ಲಿ ಅವನು ತಪ್ಪಿತಸ್ಥ ಎಂದಾದದ್ದು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ, ನ್ಯಾಯಕ್ಕೆ ಅಡ್ಡಿ ಮಾಡಿದ್ದಕ್ಕೆ. ನಾಲ್ಕೂವರೆ ವರ್ಷ ಶಿಕ್ಷೆ. ಪಿಂಚಣಿ ಬರುತ್ತಲೇ ಇತ್ತು.

ಇಲ್ಲಿ ನಿಲ್ಲಿ. ದುಷ್ಟ ಜೈಲಿಗೆ ಹೋದ, ಕಥೆ ಮುಗಿಯಿತು ಅನ್ನಿಸುತ್ತದೆ ಅಲ್ವಾ? ಕರೆಂಟ್ ತಿಂದವರಿಗೆ ಏನು ಸಿಕ್ಕಿತು? ಆ ಊರಿನ ಜನ ಇದನ್ನೇ ಕೇಳಿದರು. ಜೋಯಿ ಮೊಗಲ್ ಎಂಬ ವಕೀಲರು, ಹಿಂಸೆಗೆ ಸಿಕ್ಕವರಿಗಾಗಿ ಒಂದು ಸ್ಮಾರಕ ಹೇಗಿರಬಹುದು ಎಂಬ ಕಲಾ ಪ್ರದರ್ಶನಕ್ಕೆ ಚಿತ್ರದ ಬದಲು ಒಂದು ಕಾನೂನಿನ ಕರಡನ್ನೇ ಬರೆದುಕೊಟ್ಟರು. ಗೋಡೆಗೆ ತೂಗುಹಾಕಲು ಬರೆದದ್ದು 2013ರಲ್ಲಿ ನಗರಸಭೆಗೆ ಹೋಯಿತು. ಹಿಂಸೆಗೆ ಸಿಕ್ಕವರು, ಮರಿಯಾಮೆ ಕಾಬಾ ಅವರಂಥ ಸಂಘಟಕರು, ಹದಿಹರೆಯದವರು ಸೇರಿ ಅದನ್ನು ಹಿಡಿದು ಜಗ್ಗಿದರು. 2015ರ ಮೇ 6ರಂದು ಅದು ಪಾಸಾಯಿತು. 55 ಲಕ್ಷ ಡಾಲರ್ ಪರಿಹಾರ. ನಗರದಿಂದ ಅಧಿಕೃತ ಕ್ಷಮೆ. ಹಿಂಸೆಗೆ ಸಿಕ್ಕವರಿಗೂ ಅವರ ಮನೆಯವರಿಗೂ ನಗರದ ಕಾಲೇಜುಗಳಲ್ಲಿ ಉಚಿತ ಓದು, ಮನಸ್ಸಿನ ಗಾಯಕ್ಕೆ ಒಂದು ಸಲಹಾ ಕೇಂದ್ರ. ಸರ್ಕಾರಿ ಶಾಲೆಗಳಲ್ಲಿ ಎಂಟು ಮತ್ತು ಹತ್ತನೇ ತರಗತಿಗೆ ಈ ಚಿತ್ರಹಿಂಸೆಯ ಬಗ್ಗೆಯೇ ಪಾಠ. ಸ್ಮಾರಕವನ್ನೂ ಕಟ್ಟುತ್ತೇವೆ ಎಂದಿದ್ದರು. ಅದು ಮಾತ್ರ ವರ್ಷಗಟ್ಟಲೆ ಎಳೆಯಿತು.

ಆ ಪಟ್ಟಿಯಲ್ಲಿ ‘ಇನ್ನಷ್ಟು ಜನರನ್ನು ಜೈಲಿಗೆ ಹಾಕಿ’ ಅನ್ನುವುದು ಇಲ್ಲ, ನೋಡಿದಿರಾ? ಜೈಲು ಬಿಟ್ಟು ನ್ಯಾಯ ಹೇಗಿರಬಹುದು ಎಂಬುದಕ್ಕೆ ನಿಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಇದರಿಂದ ಕೊಲೆಗಾರನ ಪ್ರಶ್ನೆ ಪೂರ್ತಿ ಬಗೆಹರಿಯುವುದಿಲ್ಲ. ಬಗೆಹರಿಯಿತು ಅಂತ ನೀವೂ ಬರೆಯಬೇಡಿ.

ಒಂದು ಪದದ ಮಾತು. ‘ಕಾರಾಗೃಹ ನಿರ್ಮೂಲನಾವಾದ’ ಓದುವಾಗ ನನಗೆ ಮಲೇರಿಯಾ ನಿರ್ಮೂಲನೆಯ ಗೋಡೆಬರಹ ನೆನಪಾಗುತ್ತದೆ. ಇಂಗ್ಲಿಷಿನಲ್ಲಿ ಚಳವಳಿಯವರು ಬೇಕೆಂದೇ ಗುಲಾಮಗಿರಿ ತೆಗೆಸಿದವರ ‘ಅಬಾಲಿಷನ್’ ಎಂಬ ಪದವನ್ನು ಇಟ್ಟುಕೊಂಡಿದ್ದಾರೆ. ನಾವು ಗುಲಾಮಗಿರಿ ರದ್ದಾಯಿತು ಅನ್ನುತ್ತೇವೆ. ಹಾಗಾದರೆ ‘ಜೈಲು ರದ್ದತಿ’ ಸಾಕಲ್ಲ? ‘ನೀಗ್ರೋ’ ಎರಡು ಕಡೆ ಉಳಿದಿದೆ, ಹಳೆಯ ಅನುವಾದಗಳಿಂದ ಬಂದಿರಬೇಕು. ತೆಗೆಯಿರಿ.

ಕೊನೆಯ ನಾಲ್ಕು ಸಾಲಿನಲ್ಲಿ ಸುಮ್ನೆ ಪರಪ್ಪನ ಅಗ್ರಹಾರವನ್ನು ತಂದು ‘ನಮ್ಮಲ್ಲೂ ಇದೇ ಕಥೆ’ ಎಂದಿದ್ದೀರಿ. ಇದೇ ಕಥೆ ಅಲ್ಲ. ನಮ್ಮ ದೇಶದ ಜೈಲುಗಳಲ್ಲಿ ಇರುವ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು. ಜಾತಿ ನೋಡಿ ಕೈದಿಗಳಿಗೆ ಅಡುಗೆ, ಕಸ ಗುಡಿಸುವ ಕೆಲಸ ಹಂಚುವ ಜೈಲು ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2024ರ ಅಕ್ಟೋಬರಿನಲ್ಲಿ. ಅದು ಬೇರೆಯದೇ ಲೇಖನ. ಬರೆಯುವುದಾದರೆ ಆಮೇಲೆ ಮಾತಾಡೋಣ.

ಈಗ ಷಿಕಾಗೋ ಒಂದನ್ನೇ ಹಿಡಿದು 1,500 ಪದಗಳಲ್ಲಿ ಬರೆದು ಕಳಿಸಿ. ಆ ಹತ್ತನೇ ತರಗತಿಯ ಪಾಠವನ್ನು ಹುಡುಕಿ ಓದಿ, ಅದರಿಂದಲೇ ಶುರು ಮಾಡಬಹುದೇನೋ ನೋಡಿ. ಶೀರ್ಷಿಕೆ ನನಗೆ ಬಿಡಿ. ಸರಪಳಿ ಮಾತ್ರ ಬೇಡ.

ಇತಿ,
ಸಂಪಾದಕ